ಐದು ದಿನದ ಅರಸ, ಪಟ್ಟಿಯಲ್ಲಿ ಇಲ್ಲದ ಹೆಸರು

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ರಾತ್ರಿ ಲೈಟ್ ಆರಿಸಿ ಕೇಳ್ತಿರೋರಿಗೆ, ಕೇಳೋಕೆ ಪುರುಸೊತ್ತಿಲ್ಲ ಅಂತ ಈ ಬರಹರೂಪ ಓದ್ತಿರೋರಿಗೆ, ಮೂವರಿಗೂ ಸ್ವಾಗತ. ಇವತ್ತು ಶುರು ಮಾಡೋ ಮೊದಲು ಒಂದು ಸದ್ದು ಕೇಳಿಸ್ತೀನಿ.

(ಹಲಗಿ ಸದ್ದು. ದೂರದಲ್ಲಿ ಹುಡುಗರ ಕೇಕೆ.)

ಇದು ನಮ್ಮ ಓಣಿಯ ಹಲಗಿ. ಎರಡು ವರ್ಷದ ಹಿಂದಿನ ಹೋಳಿ ಹುಣ್ಣಿಮೆ ರಾತ್ರಿ ರೆಕಾರ್ಡ್ ಮಾಡಿದ್ದು. ಗಮನ ಕೊಟ್ಟು ಕೇಳಿದ್ರೆ ಸದ್ದು ಸ್ವಲ್ಪ ಮಂಕಾಗಿದೆ, ಗೋಡೆ ಆಚೆಯಿಂದ ಬಂದ ಹಾಗಿದೆ. ಮೈಕ್ ಕೆಟ್ಟಿರಲಿಲ್ಲ. ನಾನು ಕಿಟಕಿ ಒಳಗೆ ನಿಂತು ರೆಕಾರ್ಡ್ ಮಾಡಿದ್ದೆ, ಅಷ್ಟೇ.

ನನ್ನೂರು ನವಲಗುಂದ ತಾಲೂಕಿನ ಒಂದು ಹಳ್ಳಿ. ಎರಿ ಭೂಮಿ, ಕಡಲಿ, ಹತ್ತಿ, ಉಳ್ಳಾಗಡ್ಡಿ. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತೀನಿ, ಉಳಿದ ಟೈಮಿನಲ್ಲಿ ಈ ಪಾಡ್‌ಕಾಸ್ಟ್. ಚಿಕ್ಕವಳಿದ್ದಾಗಿಂದ ಹೋಳಿ ಅಂದ್ರೆ ನನಗೆ ಕಿಟಕಿ. ತಮ್ಮ ಹೊರಗೆ, ನಾನು ಒಳಗೆ. ಅವ್ವ ಹೋಳಿಗೆ ಲಟ್ಟಿಸ್ತಾ, "ಹೊರಗ ಹೊಲಸ ಹಾಡ ಹಾಡ್ತಾರ, ನೀ ಕೇಳಬ್ಯಾಡ" ಅನ್ನೋಳು. ಕೇಳದೇ ಇರೋಕೆ ಕಿವಿಗೇನು ಬಾಗಿಲು ಇರುತ್ತಾ?

ಈ ಸಂಚಿಕೆಗೆ ಕಾರಣ ಮೊಬೈಲಿನಲ್ಲಿ ಬಂದ ಒಂದು ವಿಡಿಯೋ. ಅಮೆರಿಕದ ನ್ಯೂ ಆರ್ಲಿಯನ್ಸ್ ಅನ್ನೋ ಊರಿನದು. ಮನೆ ಎತ್ತರದ ಅಲಂಕಾರದ ಬಂಡಿಗಳು, ಮೇಲೆ ಕಿರೀಟ ಇಟ್ಟುಕೊಂಡ ರಾಜ, ಮುಖವಾಡ ಹಾಕಿದ ಸರದಾರರು, ಕೆಳಗೆ ನಿಂತವರ ಮೇಲೆ ಬಣ್ಣಬಣ್ಣದ ಮಣಿಸರ ಎಸೀತಿದಾರೆ. ನೋಡಿದ ಕೂಡಲೇ ನನಗೆ ಅನ್ನಿಸಿದ್ದು, ಇದು ನಮ್ಮ ಸೋಗಿನ ಬಂಡಿನೇ ಅಲ್ಲೇನು? ಆಮೇಲೆ ಓದ್ತಾ ಹೋದೆ. ಆ ಊರಿನ ಕ್ಲಬ್ಬುಗಳ ಕಥೆ ಓದುವಾಗ ನಮ್ಮ ಕಾಮಣ್ಣನ ಕಥೆ ಬೇರೆ ಥರ ಕಾಣಿಸೋಕೆ ಶುರುವಾಯ್ತು. ಇವತ್ತಿನ ಪ್ರಶ್ನೆ ಇಷ್ಟೇ: ಹಬ್ಬದ ಹೆಸರಲ್ಲಿ ನಾವು ಕಟ್ಟೋ ಸುಳ್ಳು ಆಸ್ಥಾನದಲ್ಲಿ ಯಾರಿಗೆ ಕುರ್ಚಿ ಇದೆ, ಯಾರಿಗೆ ಇಲ್ಲ?

ಕಾಮಣ್ಣ ಅನ್ನೋ ಅರಸ

ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಕಥೆ. ತಾರಕಾಸುರನನ್ನ ಕೊಲ್ಲೋಕೆ ಶಿವನ ಮಗನೇ ಬೇಕು. ಆದ್ರೆ ಶಿವ ತಪಸ್ಸಿಗೆ ಕೂತಿದಾನೆ. ದೇವತೆಗಳು ಮನ್ಮಥನನ್ನ ಕಳಿಸ್ತಾರೆ. ಅವನು ಹೂವಿನ ಬಾಣ ಬಿಡ್ತಾನೆ, ಶಿವ ಹಣೆಗಣ್ಣು ಬಿಡ್ತಾನೆ, ಮನ್ಮಥ ಬೂದಿ. ರತಿ ಅಳ್ತಾಳೆ. ಬೇರೆಯವರ ಕೆಲಸಕ್ಕೆ ಹೋಗಿ ಸುಟ್ಟುಹೋದ ಈ ದೇವರನ್ನ ನಮ್ಮ ಕಡೆ ಜನ 'ಕಾಮಣ್ಣ' ಅಂತ ಅಣ್ಣನ ಮಾಡ್ಕೊಂಡಿದಾರೆ. ಫಾಲ್ಗುಣದ ಹುಣ್ಣಿಮೆಗೆ ಸುಡ್ತಾರೆ, ಬಾಯಿಗೆ ಕೈ ಬಡಕೊಂಡು ಲಬೋ ಲಬೋ ಅಂತ ಹೊಯ್ಕೋತಾರೆ, ಅದೇ ಬೆಂಕಿಯಲ್ಲಿ ಕಡಲಿ ಸುಟ್ಟು ತಿಂತಾರೆ. ಅಳು, ನಗು, ಊಟ, ಮೂರೂ ಒಂದೇ ಬೆಂಕಿಯಲ್ಲಿ.

ನವಲಗುಂದದ ರಾಮಲಿಂಗ ಕಾಮಣ್ಣ ಮಾತ್ರ ಬೇರೆ ದರ್ಜೆ. ಏಕಾದಶಿಗೆ ಕೂರಿಸ್ತಾರೆ. ಅಲ್ಲಿಂದ ಹುಣ್ಣಿಮೆವರೆಗೆ ಐದು ದಿನ ಅವನದೇ ರಾಜ್ಯ. ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆ ಕಡೆಯಿಂದ ಜನ ಬಂದು ಸಾಲಲ್ಲಿ ನಿಲ್ತಾರೆ. ಯಾಕೆ? ಬೇಡಿದ್ದು ಕೊಡೋ ಕಾಮಣ್ಣ ಅಂತ ಹೆಸರು. ಮದುವೆ ಆಗ್ಲಿ, ಕೂಸು ಹುಟ್ಟಲಿ, ನೌಕರಿ ಸಿಗಲಿ, ಮನೆ ಆಗ್ಲಿ. ಬೇಡಿಕೆ ಈಡೇರಿದವರು ಮುಂದಿನ ವರ್ಷ ಬೆಳ್ಳಿಯ ಹರಕೆ ತಂದು ಒಪ್ಪಿಸ್ತಾರೆ. ಕೂಸು ಹುಟ್ಟಿದವರು ಪುಟ್ಟ ಬೆಳ್ಳಿ ತೊಟ್ಟಿಲು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಒಬ್ಬ ಕೂತಿದಾನೆ, ಜನ ಸಾಲಾಗಿ ಬಂದು ತಮ್ಮ ಅಹವಾಲು ಹೇಳ್ಕೋತಾರೆ, ಕಾಣಿಕೆ ಒಪ್ಪಿಸ್ತಾರೆ, ಮುಂದೆ ಸರೀತಾರೆ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ದರ್ಬಾರು. ಆ ಸಾಲಲ್ಲಿ ಹೆಂಗಸರು ಇದಾರೆ, ಬೇಕಾದಷ್ಟು ಇದಾರೆ. ನಾನೂ ಅವ್ವನ ಸೆರಗು ಹಿಡಕೊಂಡು ನಿಂತಿದೀನಿ. ಬೇಡೋ ಸಾಲಲ್ಲಿ ನಮಗೆ ಜಾಗ ಯಾವತ್ತೂ ಇತ್ತು. ಆಡೋ ಬಯಲಲ್ಲಿ ಇರಲಿಲ್ಲ.

ಇನ್ನೊಂದು ಮಾತು. ಇದೇ ನವಲಗುಂದ ಜಮಖಾನಕ್ಕೆ ಹೆಸರುವಾಸಿ. ನವಿಲು, ಪಗಡೆ ಹಾಸಿನ ವಿನ್ಯಾಸ ಇರೋ ಗಟ್ಟಿ ಹಾಸು, ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರೋದು. ವಿಜಯಪುರದ ಆದಿಲಶಾಹಿ ಕಾಲ ಮುಗಿದ ಮೇಲೆ ಈ ಕಡೆ ಬಂದ ನೇಕಾರ ಕುಟುಂಬಗಳ ಕಸುಬು ಅಂತ ಹೇಳ್ತಾರೆ. ಮಗ್ಗದ ಮುಂದೆ ಕೂತು ಅದನ್ನ ನೇಯೋರು ಹೆಂಗಸರು, ಮನೆ ಒಳಗೇ ಕೂತು. ಅಂದ್ರೆ ಯಾವ ದರ್ಬಾರು ನಡೆದರೂ ಕೆಳಗೆ ಹಾಸೋದು ಹೆಂಗಸರ ಕೈಕೆಲಸ, ಮೇಲೆ ಕೂರೋದು ಗಂಡಸರು.

ಅರಮನೆಯಿಂದ ಓಣಿಗೆ

ಬಣ್ಣದಾಟ ಮೊದಲು ಯಾರದು? ಕಾಗದದ ಮೇಲೆ ಉಳಿದಿರೋದು ರಾಜರದು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅರಸ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಬರೆಸಿದ. ಅಡುಗೆ, ಆನೆ, ಔಷಧ, ಸಂಗೀತ, ಎಲ್ಲ ಇದೆ ಅದರಲ್ಲಿ. ರಾಜ ಹೊತ್ತು ಹೇಗೆ ಕಳೀಬೇಕು ಅನ್ನೋ ಭಾಗದಲ್ಲಿ ಉಯ್ಯಾಲೆ, ಜಲಕ್ರೀಡೆ, ಚದುರಂಗದ ಜೊತೆಗೆ 'ಸೇಚನ ಕ್ರೀಡೆ' ಅಂತ ಒಂದಿದೆ. ಸೇಚನ ಅಂದ್ರೆ ಎರಚೋದು. ನಾವು ಓಕುಳಿ ಅಂತೀವಲ್ಲ, ಅದರ ಅರಮನೆ ಆವೃತ್ತಿ. ಇದೇ ಚಾಲುಕ್ಯ ವಂಶದ ಕೊನೆಯ ದಿನಗಳಲ್ಲಿ ನಾಲ್ಕನೇ ಸೋಮೇಶ್ವರ ಆಳಿದ್ದು ನಮ್ಮ ಅಣ್ಣಿಗೇರಿಯಿಂದ. ಈಗ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಅದು ಒಂದು ಕಾಲದ ರಾಜಧಾನಿ ಅಂತ ಯಾರಿಗೂ ಅನ್ಸಲ್ಲ. ಅಮೃತೇಶ್ವರ ಗುಡಿ ನೋಡಿದರೆ ಮಾತ್ರ ಅನ್ಸುತ್ತೆ.

ಮುಂದೆ ವಿಜಯನಗರ. ಹಂಪಿಗೆ ಹೋದವರು ಮಹಾನವಮಿ ದಿಬ್ಬ ಹತ್ತಿರ್ತೀರಿ, ಮೇಲೆ ನಿಂತು ಸೆಲ್ಫಿ ತಗೊಂಡಿರ್ತೀರಿ. ಮುಂದಿನ ಸಲ ಪಕ್ಕದ ಗೋಡೆ ನೋಡ್ರಿ, ಓಕುಳಿ ಆಡೋ ಶಿಲ್ಪ ಇದೆ. 1520ರ ಸುಮಾರಿಗೆ ಡೊಮಿಂಗೋ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಅಲ್ಲಿ ಮಹಾನವಮಿ ನೋಡಿದ. ಅಲಂಕಾರದ ಆನೆ, ಕುದುರೆ, ಕುಸ್ತಿ, ರಾತ್ರಿ ಪಟಾಕಿ, ದೊರೆ ಮೇಲೆ ಕೂತು ಎಲ್ಲರ ವಂದನೆ ತಗೊಳ್ಳೋದು, ಎಲ್ಲ ಬರೆದಿಟ್ಟ. ಮೆರವಣಿಗೆಯಲ್ಲಿ ಬರ್ತಿದ್ದ ಹೆಂಗಸರ ಮೈಮೇಲೆ ಚಿನ್ನ, ಮುತ್ತು ಎಷ್ಟಿತ್ತು ಅಂದ್ರೆ ಆ ಭಾರಕ್ಕೆ ಅವರನ್ನ ಬೇರೆಯವರು ಹಿಡಕೊಂಡು ನಡೆಸಬೇಕಿತ್ತಂತೆ. ಅಕೌಂಟ್ಸ್ ಕಲಿತವಳಾಗಿ ನನಗೆ ಅದು ಹೇಗೆ ಕಂಡಿತು ಗೊತ್ತಾ? ಆ ಹೆಂಗಸರು ರಾಜನ ಆಸ್ತಿ ಪಟ್ಟಿಯ ಒಂದು ಸಾಲು. ಅವರು ಹಬ್ಬದಲ್ಲಿದ್ರು, ಹಬ್ಬ ಅವರದಾಗಿರಲಿಲ್ಲ.

ವಿಜಯನಗರ ಬಿದ್ದ ಮೇಲೆ ಆ ಠೀವಿ ಮೈಸೂರಿನವರ ಕೈಗೆ ಬಂತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ರು. ದರ್ಬಾರು, ಜಂಬೂಸವಾರಿ, ಎಲ್ಲ ನಿಮಗೆ ಗೊತ್ತಿರೋದೇ. ಆದ್ರೆ ಒಂದು ಬದಲಾವಣೆ ನೋಡ್ರಿ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜರ ಪದವಿ, ರಾಜಧನ ಎರಡೂ ರದ್ದಾದವು. ಈಗ ಅರಮನೆಯಲ್ಲಿ ಖಾಸಗಿ ದರ್ಬಾರು ನಡೆಯುತ್ತೆ, ಬೀದಿಯ ಮೆರವಣಿಗೆ ಸರ್ಕಾರದ್ದು. 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಒಂದು ಕಾಲಕ್ಕೆ ರಾಜ ಕೂರ್ತಿದ್ದ, ಈಗ ಚಾಮುಂಡೇಶ್ವರಿ. ಅರಸ ಆನೆ ಮೇಲಿಂದ ಇಳಿದ, ಮೆರವಣಿಗೆ ನಿಲ್ಲಲಿಲ್ಲ.

ನಮ್ಮ ಕಡೆ ಅಷ್ಟು ದೊಡ್ಡ ಅರಮನೆ ಇರಲಿಲ್ಲ. ಆದ್ರೆ ಊರೂರಿಗೆ ದೇಸಾಯರ ವಾಡೆ ಇತ್ತು. ಕುಂದಗೋಳ ಅಂತೂ 1948ರವರೆಗೆ ಜಮಖಂಡಿ ಸಂಸ್ಥಾನದ ತಾಲೂಕು. ಪಕ್ಕದ ಹುಬ್ಬಳ್ಳಿಯಲ್ಲಿ ಬ್ರಿಟಿಷರ ಆಳ್ವಿಕೆ, ಸ್ವಲ್ಪ ದೂರ ಹೋದರೆ ಪಟವರ್ಧನ ರಾಜರ ಆಳ್ವಿಕೆ. ಆ ವರ್ಷ ಸಂಸ್ಥಾನ ವಿಲೀನ ಆಯ್ತು, ರಾಜ ಹೋದ. ಕಾಮಣ್ಣ ಹೋಗಲಿಲ್ಲ. ಯಾಕಂದ್ರೆ ಅವನನ್ನ ಕೂರಿಸಿದ್ದು ಯಾವ ಒಪ್ಪಂದ ಪತ್ರವೂ ಅಲ್ಲ, ಓಣಿಯವರ ಪಟ್ಟಿ ದುಡ್ಡು.

ಪಟ್ಟಿ ಅಂದ್ರೆ ನಮ್ಮ ಕಡೆ ವಂತಿಗೆ. ಹುಡುಗರು ಮನೆಮನೆಗೆ ಬರ್ತಾರೆ, ಪುಸ್ತಕದಲ್ಲಿ ಹೆಸರು, ಮೊತ್ತ ಬರ್ಕೋತಾರೆ. ಕಟಗಿ, ಕುಳ್ಳು ಮಾತ್ರ ಪಟ್ಟಿಯಿಂದ ಬರಲ್ಲ, ಅದನ್ನ ಕದೀಬೇಕು. ಕದಿಯೋದಕ್ಕೂ ಆ ದಿನಗಳಲ್ಲಿ ಊರಿನ ಒಪ್ಪಿಗೆ ಇದೆ. ಬಾಗಲಕೋಟೆಯಲ್ಲಿ ಇದು ಇನ್ನೂ ದೊಡ್ಡದು: ಪೇಟೆ ಪೇಟೆಯ ಜನ ಸರದಿ ಪ್ರಕಾರ ಬಣ್ಣದ ಬ್ಯಾರೆಲ್ ಹೇರಿದ ಬಂಡಿ ಹೊಡ್ಕೊಂಡು ಹೊರಡ್ತಾರೆ, ಪುರಾಣದ ಮತ್ತು ಇತಿಹಾಸದ ವೇಷ ಹಾಕಿದವರ ಸೋಗಿನ ಬಂಡಿ ಬರುತ್ತೆ. ಅರಸ ಆಗೋನು ನಿನ್ನೆವರೆಗೆ ಪಾನ್‌ಶಾಪಿನಲ್ಲಿ ಕೂತಿದ್ದೋನು. ರಾಣಿ ಆಗೋನೂ ಗಂಡಸೇ, ಸೀರೆ ಉಟ್ಟಿರ್ತಾನೆ ಅಷ್ಟೇ. ಈ ಮಾತು ನೆನಪಿಟ್ಕೊಳ್ರಿ.

ಮೊಬೈಲ್ ಅನ್ನೋ ಊರು

ಈಗ ಆ ವಿಡಿಯೋದ ಊರಿಗೆ ಹೋಗೋಣ. ಕ್ರೈಸ್ತರಲ್ಲಿ ಈಸ್ಟರ್‌ಗೆ ಮೊದಲು 40 ದಿನದ ಉಪವಾಸದ ಕಾಲ ಇರುತ್ತೆ. ಅದು ಶುರುವಾಗೋ ಹಿಂದಿನ ಮಂಗಳವಾರ ಹೊಟ್ಟೆ ತುಂಬ ತಿಂದು, ಕುಣಿದು ಮುಗಿಸೋ ಹಬ್ಬ ಮಾರ್ಡಿ ಗ್ರಾ. ಬರೋದೂ ಹೆಚ್ಚುಕಡಿಮೆ ನಮ್ಮ ಹೋಳಿ ಹೊತ್ತಿಗೇ, ಫೆಬ್ರವರಿ ಇಲ್ಲ ಮಾರ್ಚ್.

ಅಲಬಾಮಾ ರಾಜ್ಯದಲ್ಲಿ ಒಂದು ಊರಿದೆ, ಹೆಸರು ಮೊಬೈಲ್. ತಮಾಷೆ ಅಲ್ಲ, ನಿಜವಾಗ್ಲೂ ಅದೇ ಹೆಸರು. 1830ರಲ್ಲಿ ಅಲ್ಲಿನ ಒಂದಷ್ಟು ಗಂಡಸರು ಹೊಸ ವರ್ಷದ ಹಿಂದಿನ ರಾತ್ರಿ ದನದ ಕೊರಳಗಂಟೆ ಹಿಡಕೊಂಡು ಬೀದಿಯಲ್ಲಿ ಗದ್ದಲ ಎಬ್ಬಿಸಿದ್ರು. ಅದರಿಂದ ಒಂದು ಸಂಘ ಹುಟ್ಟಿತು. ಮೊಬೈಲಿನ ಈ ರೂಢಿ ಕಂಡವರು ಕೆಲವರು ನ್ಯೂ ಆರ್ಲಿಯನ್ಸಿಗೆ ಹೋಗಿ ಅಲ್ಲಿ 'ಕೋಮಸ್' ಅನ್ನೋ ಗುಟ್ಟಿನ ಸಂಘ ಕಟ್ಟಿದ್ರು, 1857ರಲ್ಲಿ ಮೊದಲ ಮೆರವಣಿಗೆ ತೆಗೆದ್ರು. ಇಂಥ ಸಂಘಕ್ಕೆ ಅಲ್ಲಿ 'ಕ್ರೂ' ಅಂತಾರೆ. 1872ರಲ್ಲಿ 'ರೆಕ್ಸ್' ಬಂತು. ರೆಕ್ಸ್ ಅಂದ್ರೇನೇ ರಾಜ. ಹಬ್ಬದ ಹೊತ್ತಿಗೆ ಊರಿನ ಮೇಯರ್ ಊರಿನ ಕೀಲಿಕೈ ಅವನಿಗೆ ಒಪ್ಪಿಸ್ತಾರೆ.

ಮೆರವಣಿಗೆ ಮುಗಿದ ಮೇಲೆ ಬಾಲ್, ಅಂದ್ರೆ ಆಹ್ವಾನ ಇದ್ದವರಿಗೆ ಮಾತ್ರ ಇರೋ ನೃತ್ಯಕೂಟ. ಅಲ್ಲಿ ಪೂರ್ತಿ ಆಸ್ಥಾನ: ರಾಜ, ರಾಣಿ, ಸಖಿಯರು. ರಾಜ ಸಂಘದ ಗಂಡಸು, ರಾಣಿ ಸದಸ್ಯರ ಮನೆತನಗಳ ಹರೆಯದ ಹುಡುಗಿ. ಗಂಡಸರೆಲ್ಲ ಮುಖವಾಡದಲ್ಲಿ. ಆಹ್ವಾನ ಬಂದ ಹೆಂಗಸರು ಬೇರೆ ಸಾಲಲ್ಲಿ ಕೂತು ಕಾಯ್ತಾರೆ. ಮುಖವಾಡದವನೊಬ್ಬ ಹೆಸರು ಕೂಗಿಸಿದ ಮೇಲೆ ಎದ್ದು ಹೋಗಿ ಕುಣೀಬೇಕು, ಆಮೇಲೆ ವಾಪಸ್ ಬಂದು ಕೂರಬೇಕು. ಅವನು ಯಾರು ಅಂತ ಕೇಳೋ ಹಾಗಿಲ್ಲ.

ಅದನ್ನ ಓದುವಾಗ ನನಗೆ ನನ್ನ ಕಿಟಕಿ ನೆನಪಾಯ್ತು. ಝಗಮಗ ದೀಪ, ರೇಷ್ಮೆ ಗೌನು, ಬ್ಯಾಂಡು, ಎಲ್ಲ ಇದ್ದರೂ ಅದು ಕಿಟಕಿನೇ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಚುಚ್ಚಿತು. ಆ ಕಾಲದಲ್ಲಿ ಬೀದಿದೀಪ ಸಾಲದು. ರಾತ್ರಿ ಮೆರವಣಿಗೆಗೆ ಪಂಜು ಬೇಕು. ಪಂಜು ಹಿಡಿದು ಬಂಡಿಗಳ ಪಕ್ಕ ನಡೀತಿದ್ದವರು ಕಪ್ಪು ಜನ, ಅವರಲ್ಲಿ ಗುಲಾಮರೂ ಇದ್ರು. ಮೇಲೆ ಕೂತ ಬಿಳಿ ರಾಜನ ಮುಖ ಜನರಿಗೆ ಕಾಣಿಸ್ತಿದ್ದದ್ದು ಇವರು ಹಿಡಿದ ಬೆಳಕಲ್ಲಿ. ಮೆರವಣಿಗೆ ಮುಗಿದ ಮೇಲೆ ಬಾಲ್ ನಡೆಯೋ ಬಾಗಿಲೊಳಗೆ ಇವರಿಗೆ ಪ್ರವೇಶ ಇಲ್ಲ.

ಬೆಂಕಿ ಎಲ್ಲಿಂದ ಬರುತ್ತೆ

ಇದನ್ನ ಓದಿ 'ಅಯ್ಯೋ ಅಮೆರಿಕದವರು ಹಿಂಗಾ' ಅಂತ ಅಂದುಬಿಡಬಹುದಿತ್ತು. ಆದ್ರೆ ನಮ್ಮ ಕಾಮಣ್ಣನ ಬೆಂಕಿ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು.

ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಕಾಮದಹನಕ್ಕೆ ಮೊದಲ ಕಿಡಿ ತರೋದು ದಲಿತರ ಕೇರಿಯಿಂದ. ಊರಿನ ಹಿರಿಯರು ಹಲಗಿ ಬಾರಿಸ್ತಾ ಅಲ್ಲಿಗೆ ಹೋಗ್ತಾರೆ, ಬೆಂಕಿ ತರ್ತಾರೆ, ಆಮೇಲೆ ಊರಿನ ಕಾಮಣ್ಣ ಉರೀತಾನೆ. ಹಿರಿಯರು ಇದನ್ನ ಹೆಮ್ಮೆಯಿಂದ ಹೇಳ್ತಾರೆ: ನೋಡು, ನಮ್ಮ ಹಬ್ಬದಲ್ಲಿ ಎಲ್ಲರೂ ಬೇಕು. ಹೌದು, ಬೇಕು. ಬಾರಿಸೋ ಹಲಗಿಗೆ ಚರ್ಮ ಬಿಗಿದವರೂ ಆ ಕೇರಿಯವರೇ. ಬೆಂಕಿ ಬೇಕು, ಹಲಗಿ ಬೇಕು. ಉಳಿದ ದಿನ ಆ ಮನೆಯ ನೀರು ಬೇಕಾಗಿತ್ತಾ ಅಂತ ಕೇಳಿದ್ರೆ ಮಾತು ಬೇರೆ ಕಡೆ ಹೋಗುತ್ತೆ.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಕಾಕಾನ ಟ್ರಂಕಿನಲ್ಲಿ ಒಂದು ಹಳೇ ಪುಸ್ತಕ ಸಿಕ್ತು. ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕ, ಕಿರಾಣಿ ಅಂಗಡಿಯಲ್ಲಿ ಇರುತ್ತಲ್ಲ, ಅಂಥದ್ದು. ನಮ್ಮ ಓಣಿಯ ಕಾಮಣ್ಣನ ಲೆಕ್ಕ, 1990ರ ದಶಕದ್ದು. ಎಡಗಡೆ ಜಮಾ, ಬಲಗಡೆ ಖರ್ಚು. ಇಂಥ ಪುಸ್ತಕ ಸಿಕ್ಕರೆ ನನ್ನಂಥವಳಿಗೆ ಊಟ ಬೇಡ.

ಖರ್ಚಿನ ಕಡೆ: ಹಲಗಿ ಕಾಯಿಸೋಕೆ ಹುಲ್ಲು, ಬಣ್ಣ, ಮುಖವಾಡ, ಬಾಡಿಗೆ ಬಂಡಿ, ಚಹಾ ಚುರುಮರಿ. ಪ್ರತಿ ವರ್ಷ ಒಂದು ಸಾಲು ಹಾಗೇ ಬರುತ್ತೆ: 'ಬೆಂಕಿ ತಂದಿದ್ದಕ್ಕೆ, ಕಾಯಿ, 11 ರೂ., ಕೇರಿ.' ಬಂಡಿಯವನ ಹೆಸರಿದೆ. ಚಹಾದ ಅಂಗಡಿಯವನ ಹೆಸರಿದೆ. ಬೆಂಕಿ ಕೊಟ್ಟವರಿಗೆ ಮಾತ್ರ ಹೆಸರಿಲ್ಲ, 'ಕೇರಿ' ಅಂತ ಅಷ್ಟೇ.

ಜಮಾ ಕಡೆ ಮನೆ ಯಜಮಾನರ ಹೆಸರು. ಎಲ್ಲ ಗಂಡಸರು. ಹುಡುಕ್ತಾ ಹುಡುಕ್ತಾ ನಮ್ಮ ಮನೆ ಬಂತು. ನಮ್ಮ ಅಜ್ಜ ತೀರಿಕೊಂಡಿದ್ದು 1989ರಲ್ಲಿ. ಆಮೇಲೆ ಮನೆ ನಡೆಸಿದ್ದು ಆಯಿ, ಅಂದ್ರೆ ನನ್ನ ಅಜ್ಜಿ. ಹೊಲ ಲಾವಣಿಗೆ ಕೊಟ್ಟು, ಎಮ್ಮೆ ಕಟ್ಟಿ, ಮಕ್ಕಳನ್ನ ಓದಿಸಿದೋಳು. ಪಟ್ಟಿ ದುಡ್ಡನ್ನೂ ಅವಳೇ ಕೊಡ್ತಿದ್ಲು. ಪುಸ್ತಕದಲ್ಲಿ ವರ್ಷ ವರ್ಷವೂ ಬರೆದಿರೋದು ಅಜ್ಜನ ಹೆಸರು. ಮುಂದೆ 'ದಿವಂಗತ' ಅಂತಲೂ ಹಾಕಿದಾರೆ. ಹತ್ತು ವರ್ಷ, ಸತ್ತ ಮನುಷ್ಯ ಬಂದು ಪಟ್ಟಿ ಕೊಟ್ಟಿದಾನೆ. ನನ್ನ ವೃತ್ತಿಯಲ್ಲಿ ಇಂಥ ಎಂಟ್ರಿ ಮಾಡಿದ್ರೆ ಆಡಿಟರ್ ಕರೆದು ಕೇಳ್ತಾನೆ.

ಓಕುಳಿಯ ಇನ್ನೊಂದು ಮುಖ

'ಹೆಂಗಸರು ಬಣ್ಣ ಆಡೋದೇ ಇಲ್ವಾ?' ಅಂತ ಕೇಳಬಹುದು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹನುಮಪ್ಪನ ಓಕುಳಿ ಅಂತ ಇದೆ. ಗುಡಿ ಮುಂದಿನ ಹೊಂಡದಲ್ಲಿ ಬಣ್ಣದ ನೀರು ತುಂಬ್ತಾರೆ. ಗಂಡಸರು ನೀರು ಎರಚ್ತಾರೆ, ಹೆಂಗಸರು ಹಸಿ ಬಟ್ಟೆ ಹಿಡಕೊಂಡು ಹೊಡೀತಾರೆ. ಕೇಳೋಕೆ ಚೆಂದ. ಆದ್ರೆ ಎಷ್ಟೋ ಕಡೆ ಆ ಹೊಂಡದ ಮುಂದೆ ನಿಲ್ಲಿಸ್ತಿದ್ದದ್ದು ದೇವದಾಸಿ ಹೆಣ್ಣುಮಕ್ಕಳನ್ನ. ನೀರು ಎರಚೋರು ಊರಿನ ದೊಡ್ಡ ಮನೆಗಳ ಹುಡುಗರು, ಸುತ್ತ ನೋಡೋಕೆ ಊರು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದಿದ್ದು 1982ರಲ್ಲಿ. ಸೋಮೇಶ್ವರನ ಪುಸ್ತಕದ ಸೇಚನ ಕ್ರೀಡೆ ಮತ್ತು ಈ ಹೊಂಡದ ನಡುವೆ 800 ವರ್ಷ ಇದೆ. ಎರಚೋನು ಯಾರು, ನೆನೆಯೋಳು ಯಾರು ಅನ್ನೋದು ಅಷ್ಟಾಗಿ ಬದಲಾಗಿರಲಿಲ್ಲ.

ಹಾಗಾಗಿ ಅವ್ವ ನನ್ನನ್ನ ಒಳಗೆ ಇಟ್ಟಿದ್ದು ಬರೀ ಮಡಿವಂತಿಕೆ ಅಂತ ನಾನು ಈಗ ಹೇಳಲ್ಲ. ಅವಳು ನೋಡಿದ ಹೋಳಿಯಲ್ಲಿ ಹೊರಗೆ ಸಿಕ್ಕ ಹೆಣ್ಣಿಗೆ ಎರಡೇ ಜಾಗ ಇದ್ದವು: ಹಾಡಿನೊಳಗೆ ಬೈಸಿಕೊಳ್ಳೋದು, ಇಲ್ಲ ಮೈಮೇಲೆ ಎರಚಿಸಿಕೊಳ್ಳೋದು. ಅವಳು ಮೂರನೇ ಜಾಗ ಆರಿಸಿಕೊಂಡಳು, ಒಲೆ ಮುಂದೆ.

ಕುರ್ಚಿ ಕೇಳಿದವರು

ಅಲ್ಲಿ ಏನಾಯ್ತು ನೋಡೋಣ. ಒಳಗೆ ಬಿಡದಿದ್ದಾಗ ಕೆಲವರು ಬೇರೆ ಆಸ್ಥಾನ ಕಟ್ಟಿದ್ರು. 1909ರಲ್ಲಿ ನ್ಯೂ ಆರ್ಲಿಯನ್ಸಿನ ಕಪ್ಪು ಜನ 'ಜುಲು' ಅನ್ನೋ ಮೆರವಣಿಗೆ ತೆಗೆದ್ರು. ಅವರ ಮೊದಲ ರಾಜನ ಕಿರೀಟ ಕೊಬ್ಬಿನ ಡಬ್ಬಿಯದು, ರಾಜದಂಡ ಬಾಳೆಗೊನೆಯ ದಿಂಡು. ಬಿಳಿ ರಾಜನ ಠೀವಿಯನ್ನ ಅಣಕಿಸೋಕೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಮುಂದೆ 1949ರಲ್ಲಿ ಜುಲು ರಾಜನಾಗಿ ಬಂದವನು ಜಾಝ್ ಲೋಕದ ದೊಡ್ಡ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಹೆಂಗಸರು 1917ರಲ್ಲಿ 'ಐರಿಸ್' ಕಟ್ಟಿದ್ರು. 1941ರಲ್ಲಿ 'ವೀನಸ್' ಸಂಘದ ಹೆಂಗಸರು ಮೊದಲ ಸಲ ತಮ್ಮದೇ ಮೆರವಣಿಗೆ ತೆಗೆದು ಬೀದಿಗೆ ಬಂದ್ರು.

ಆಮೇಲೆ ಕಾನೂನೂ ಬಂತು. 1991ರ ಕೊನೆಗೆ, 1992ರ ಹಬ್ಬದ ಹೊಸ್ತಿಲಲ್ಲಿ, ಆ ಊರಿನ ನಗರಸಭೆ ಒಂದು ನಿಯಮ ಮಾಡಿತು. ಸಾರ್ವಜನಿಕ ಬೀದಿಯಲ್ಲಿ ಮೆರವಣಿಗೆ ಮಾಡೋ ಸಂಘಗಳು ಜನಾಂಗದ ಮೇಲೆ ಭೇದ ಮಾಡಬಾರದು. ಮುಂದೆ ನಿಂತು ಹೋರಾಡಿದ್ದು ಡೊರೊತಿ ಮೇ ಟೇಲರ್ ಅನ್ನೋ ಕಪ್ಪು ಸದಸ್ಯೆ. ರೆಕ್ಸ್ ಸಂಘ ಒಪ್ಪಿಕೊಂಡಿತು. ಕೋಮಸ್ ಒಪ್ಪಲಿಲ್ಲ, ಮೆರವಣಿಗೆನೇ ಬಿಟ್ಟುಬಿಟ್ಟಿತು. ಬೇರೆಯವರನ್ನ ಪಕ್ಕ ಕೂರಿಸ್ಕೊಳ್ಳೋದಕ್ಕಿಂತ ಬೀದಿ ಬಿಡೋದೇ ವಾಸಿ ಅನ್ನಿಸ್ತು ಅವರಿಗೆ. ಹಬ್ಬ ನಿಂತಿತಾ? ಇಲ್ಲ. ಜನ ಬೇರೆ ಬಂಡಿಗಳ ಹಿಂದೆ ಹೋದ್ರು.

ಹಬ್ಬದ ಅರಸ ಸುಳ್ಳು ಅಂತ ಎಲ್ಲರಿಗೂ ಗೊತ್ತು. ಬುಧವಾರ ಬೆಳಿಗ್ಗೆ ರೆಕ್ಸ್ ಮತ್ತೆ ಆಫೀಸಿಗೆ ಹೋಗ್ತಾನೆ, ಹುಣ್ಣಿಮೆ ಮುಗಿದರೆ ಕಾಮಣ್ಣ ಬೂದಿ. ಆದ್ರೆ ಆ ಸುಳ್ಳು ಆಸ್ಥಾನದ ಲೆಕ್ಕ ಪುಸ್ತಕ ಮಾತ್ರ ಸುಳ್ಳಲ್ಲ. ಯಾರ ಹೆಸರು ಬರೆದ್ರು, ಯಾರನ್ನ 'ಕೇರಿ' ಅಂದ್ರು, ಯಾರನ್ನ ಗಂಡನ ಹೆಸರಲ್ಲಿ ಮುಚ್ಚಿದ್ರು ಅನ್ನೋದು ಉಳಿದ 360 ದಿನದ ಊರೇ. ಆಟದಲ್ಲೂ ಕುರ್ಚಿ ಕೊಡದ ಊರು ನಿಜದಲ್ಲಿ ಕೊಡುತ್ತಾ?

ಈಗ ಕೊನೆಯ ಮಾತು. ಈ ಸಲದ ಹೋಳಿಗೆ ನಾನು ಮೂರು ದಿನ ಮೊದಲೇ ಊರಿಗೆ ಹೋದೆ. ಪಟ್ಟಿ ಎತ್ತೋ ಹುಡುಗರು ಬಂದ್ರು. ಈಗ ಪುಸ್ತಕದ ಜೊತೆ ಯುಪಿಐ ಸ್ಕ್ಯಾನರೂ ಇದೆ. 501 ರೂಪಾಯಿ ಕಳಿಸಿದೆ. ಪುಸ್ತಕ ಹಿಡಿದ ಹುಡುಗ ಕೇಳಿದ, "ಅಕ್ಕಾರ, ಅಪ್ಪಾರ ಹೆಸರು ಬರೀಲೇನ್ರೀ?"

"ರೊಕ್ಕ ಯಾರ ಫೋನಿನಿಂದ ಬಂತು ನೋಡಪಾ, ಅವರ ಹೆಸರು ಬರಿ" ಅಂದೆ.

ಅವನು ನಕ್ಕೊಂಡು ಬರೆದ. ಜಗಳ ಏನೂ ಆಗಲಿಲ್ಲ, ಭಾಷಣವೂ ಆಗಲಿಲ್ಲ. ಅಷ್ಟರಲ್ಲಿ ಪಡಸಾಲಿಯಲ್ಲಿ ಕೂತಿದ್ದ ಆಯಿ ಸೊಂಟದ ಚೀಲದಿಂದ 50 ರೂಪಾಯಿ ನೋಟು ಒಂದು, 1 ರೂಪಾಯಿ ನಾಣ್ಯ ಒಂದು ತೆಗೆದು, "ತಮ್ಮಾ, ನಂದೂ ಬರಕೋ. ನನ್ನ ಹೆಸರಿಲೇ" ಅಂದ್ಲು. ಹುಡುಗ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. ಆಯಿ ಅಂದಿದ್ದು ಇಷ್ಟೇ: "ಸತ್ತವರು ಎಷ್ಟ ಸಲಾ ಪಟ್ಟಿ ಕೊಡಬೇಕೋ?"

ಹುಣ್ಣಿಮೆ ರಾತ್ರಿ ನಾನು ಹೊರಗೆ ಬಂದೆ. ಕಟ್ಟಿ ಮೇಲೆ ನಿಂತೆ. ಅವ್ವ ಬಾಗಿಲಲ್ಲಿ ನಿಂತಿದ್ಲು, ಬೇಡ ಅನ್ನಲಿಲ್ಲ. ಬೆಂಕಿ ಕೇರಿಯಿಂದ ಬಂತು. ಕೊಟ್ಟವರು ಯಾರು ಅಂತ ಹುಡುಗರನ್ನ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದ್ರು. ಮರುದಿನ ಪುಸ್ತಕ ನೋಡಿದೆ, ಕಾಯಿಯ ದುಡ್ಡು 101 ಆಗಿದೆ, ಹೆಸರಿನ ಜಾಗದಲ್ಲಿ ಈ ಸಲವೂ 'ಕೇರಿ'. ನನ್ನ ಹೆಸರು ಪುಸ್ತಕ ಸೇರಿತು ಅಂತ ಖುಷಿಪಡುವಾಗ ಆ ಸಾಲು ಹಾಗೇ ಇತ್ತು. ಮುಂದಿನ ವರ್ಷ ಬೆಂಕಿ ತರೋಕೆ ಹೋಗೋರ ಜೊತೆ ನಾನೂ ಹೋಗ್ತೀನಿ, ಹೆಸರು ಕೇಳ್ಕೊಂಡು ಬರ್ತೀನಿ. ಅವರಿಗೆ ಆ ಪುಸ್ತಕದಲ್ಲಿ ಹೆಸರು ಬೇಕಾ, ಇಲ್ಲ ಇನ್ನು ಬೆಂಕಿನೇ ಕೊಡಲ್ಲ ಅಂತಾರಾ, ಅದನ್ನ ಹೇಳೋರು ಅವರೇ.

ಹೋಗೋ ಮೊದಲು ಇನ್ನೊಂದು ಸದ್ದು. ಈ ಸಲದ ಹಲಗಿ.

(ಹಲಗಿ ಸದ್ದು. ಹತ್ತಿರದಿಂದ. ನಡುನಡುವೆ ಒಡೆಯುತ್ತದೆ.)

ಬಹಳ ಹತ್ತಿರ ನಿಂತಿದ್ದೆ, ಮೈಕಿಗೆ ತಾಳಲಿಲ್ಲ, ಸದ್ದು ಒಡೆದಿದೆ. ಸರಿ ಮಾಡಬಹುದಿತ್ತು. ಹಾಗೇ ಬಿಟ್ಟಿದೀನಿ.

ನಿಮ್ಮ ಓಣಿಯ ಪಟ್ಟಿ ಪುಸ್ತಕ ಸಿಕ್ಕರೆ ಒಮ್ಮೆ ತೆಗೆದು ನೋಡ್ರಿ. ನಿಮ್ಮ ಆಯಿ ಹೆಸರು ಯಾವ ಪುಟದಲ್ಲಿದೆ, ಇಲ್ಲವಾದ್ರೆ ಯಾರ ಹೆಸರಿನ ಹಿಂದಿದೆ ಅಂತ ನನಗೆ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.